ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಊರಿಗೆ: ನಾನು ಹೊಸೂರು ಹಿಡಿಯುವ ಬಗೆ

ಹುಬ್ಬಳ್ಳಿಗೆ ವಿಮಾನದಲ್ಲಿ ಬರುವ ಸ್ನೇಹಿತರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: "ಅಲ್ಲಿಂದ ಊರೊಳಗೆ ಹೋಗುವುದು ಹೇಗೆ?" ಯಾವ ಊರು ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. 1962ರಲ್ಲಿ ಒಂದೇ ಪಾಲಿಕೆಯಡಿ ಬಂದರೂ ಹುಬ್ಬಳ್ಳಿ–ಧಾರವಾಡಕ್ಕೆ ಪೇಟೆಯ ನಡುಭಾಗ ಎಂಬುದು ಒಂದಿಲ್ಲ. ಬಟ್ಟೆ ಖರೀದಿಗೆ ಬಂದವರಿಗೆ ದುರ್ಗದಬೈಲ್, ರೈಲು ಹಿಡಿಯುವವರಿಗೆ ಸ್ಟೇಷನ್ ರಸ್ತೆ, ಧಾರವಾಡದವರಿಗೆ ಜುಬಿಲಿ ಸರ್ಕಲ್. ಎಲ್ಲಿಗೆ ಹೋಗಬೇಕೆಂಬುದು ಮೊದಲು ಖಚಿತವಾದರೆ ಉಳಿದ ದಾರಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವವಳು, ತವರು ಧಾರವಾಡದ ಮಾಳಮಡ್ಡಿ. ವರ್ಷಗಳಿಂದ ಈ ದಾರಿಯಲ್ಲಿ ಓಡಾಡಿ ನಾನು ಗಟ್ಟಿ ಮಾಡಿಕೊಂಡ ಲೆಕ್ಕ ಇಷ್ಟು: ವಿಮಾನ ನಿಲ್ದಾಣದಿಂದ ನೇರವಾಗಿ ಪೇಟೆಗೆ ಹೋಗುವ ಹಟ ಬೇಡ, ಮೊದಲು ಹುಬ್ಬಳ್ಳಿಯ ಹೊಸೂರು ಸರ್ಕಲ್ ಮುಟ್ಟಬೇಕು.

ವಿಮಾನ ನಿಲ್ದಾಣ ಇರುವುದು ಗೋಕುಲ ರಸ್ತೆಯಲ್ಲಿ. ಹುಬ್ಬಳ್ಳಿಯ ನಡುಭಾಗಕ್ಕೆ ಸುಮಾರು 8 ಕಿಲೋಮೀಟರ್, ಧಾರವಾಡಕ್ಕೆ ಸುಮಾರು 20. ಇದೇ ಗೋಕುಲ ರಸ್ತೆ ಪೂರ್ವಕ್ಕೆ ಸಾಗಿ, ಕೈಗಾರಿಕಾ ವಸಾಹತು, ಅಕ್ಷಯ ಪಾರ್ಕ್, ಹೊಸ ಬಸ್ ನಿಲ್ದಾಣಗಳನ್ನು ದಾಟಿ, ಹೊಸೂರಿನಲ್ಲಿ ಹಳೆಯ ಪುಣೆ–ಬೆಂಗಳೂರು ರಸ್ತೆಯನ್ನು ಕೂಡುತ್ತದೆ. ಅಲ್ಲಿಂದ ಒಂದು ಕಡೆಗೆ ಹುಬ್ಬಳ್ಳಿಯ ಪೇಟೆ, ಇನ್ನೊಂದು ಕಡೆಗೆ ಧಾರವಾಡ. ಎರಡೂ ಕಡೆಗೆ ಚಿಗರಿ ಎಂಬ ತ್ವರಿತ ಸಾರಿಗೆಯ ಬಸ್ಸು ಓಡುತ್ತದೆ. ಈ ನಕ್ಷೆಯೊಂದು ತಲೆಯಲ್ಲಿ ಕೂತರೆ ಹೊರಗೆ ಕಾದು ನಿಂತವರು ಯಾವ ದರ ಹೇಳಿದರೂ ಗಾಬರಿಯಾಗುವುದಿಲ್ಲ.

ನಮ್ಮ ವಿಮಾನ ನಿಲ್ದಾಣ ಚಿಕ್ಕದು, ನನಗೆ ಅದು ಇಷ್ಟವಾಗುವುದೂ ಅದಕ್ಕಾಗಿಯೇ. ಈಗಿನ ಟರ್ಮಿನಲ್ 2017ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಇನ್ನೂ ದೊಡ್ಡ ಕಟ್ಟಡಕ್ಕೆ 2024ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ನಡೆಯಿತು. ಬೆಂಗಳೂರಿನಲ್ಲಿ ವಿಮಾನದಿಂದ ಇಳಿದು ಹೊರಬಾಗಿಲು ಕಾಣುವುದಕ್ಕೆ ನಡೆದೂ ನಡೆದೂ ಕಾಲು ಸೋಲುತ್ತದೆ, ಇಲ್ಲಿ ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಹಾಕಿದರೆ ಕಟ್ಟಡದೊಳಗೆ ಇರುತ್ತೇವೆ. ಕೈಚೀಲ ಮಾತ್ರ ಇದ್ದರೆ ತಡೆಯುವುದು ಏನೂ ಇಲ್ಲ. ನಾನು ಬಹುತೇಕ ಬರುವುದು ರೆಕ್ಕೆಯಡಿ ಪಂಖ ತಿರುಗುವ ಎಟಿಆರ್ ವಿಮಾನದಲ್ಲಿ. ಅದರ ತಲೆಯ ಮೇಲಿನ ಗೂಡಿನಲ್ಲಿ ದೊಡ್ಡ ಟ್ರಾಲಿ ಚೀಲ ಹಿಡಿಯುವುದೇ ಕಷ್ಟ. ಹಾಗಾಗಿ ಬೆನ್ನಿಗೆ ಹಾಕುವ ಒಂದೇ ಚೀಲದಲ್ಲಿ ಎಲ್ಲವನ್ನೂ ತುಂಬುತ್ತೇನೆ. ವಿಮಾನಕ್ಕೆಂದು ಮಾಡಿಕೊಂಡ ಈ ಅಭ್ಯಾಸ ಆಟೊ ಹತ್ತುವಾಗಲೂ ಚಿಗರಿಯಲ್ಲಿ ನಿಂತು ಹೋಗುವಾಗಲೂ ಅನುಕೂಲಕ್ಕೆ ಬಂದಿದೆ.

ಹೊರಗೆ ಬಂದ ಕೂಡಲೇ ಟ್ಯಾಕ್ಸಿಯವರು ಸುತ್ತುವರಿಯುತ್ತಾರೆ. ಅವರದು ಹೊಟ್ಟೆಪಾಡು, ಬೇಸರಪಟ್ಟುಕೊಳ್ಳಬಾರದು. ಆದರೆ ಒಬ್ಬಳೇ ಇದ್ದಾಗ, ಹಗಲು ಹೊತ್ತಾದರೆ, ನಾನು ಆವರಣದ ದ್ವಾರ ದಾಟಿ ಗೋಕುಲ ರಸ್ತೆಗೆ ಬರುತ್ತೇನೆ. ರಸ್ತೆಯಲ್ಲಿ ಪೇಟೆಯ ಕಡೆಗೆ ಖಾಲಿ ಹೋಗುವ ಆಟೊಗಳು ಸಿಗುತ್ತವೆ. ಹೇಗೂ ಅದೇ ದಿಕ್ಕಿಗೆ ಹೋಗುವವರು ದರದಲ್ಲಿ ಜಗ್ಗಾಡುವುದು ಕಡಿಮೆ. ಮೀಟರ್ ಹಾಕಿ ಎಂದು ಕೇಳಿ ಇಲ್ಲಿ ಕಾಲ ಕಳೆಯುವುದಿಲ್ಲ, ಹತ್ತುವ ಮೊದಲೇ ದರ ಮಾತಾಡಿಬಿಡುತ್ತೇನೆ. ಕೇಳುವ ರೀತಿಯಲ್ಲೂ ಒಂದು ಹದ ಇದೆ. "ಸಿಟಿಗೆ ಬರುತ್ತೀರಾ?" ಎಂದರೆ ಪರವೂರಿನವರು ಎಂದು ತಿಳಿದು ದೊಡ್ಡ ಮೊತ್ತ ಹೇಳುತ್ತಾರೆ. "ಅಣ್ಣಾ, ಹೊಸೂರು ಚಿಗರಿ ನಿಲ್ದಾಣಕ್ಕೆ ಎಷ್ಟು?" ಎಂದು ಕೇಳಿದರೆ ಮಾತು ನೇರ ದಾರಿಗೆ ಬರುತ್ತದೆ. "ಕೂತುಕೊಳ್ಳಿ ಅಕ್ಕಾ, ನೋಡಿ ಕೊಡಿ" ಎಂದರೂ ನಾನು ಕೂರುವುದಿಲ್ಲ. ಅಂಕಿ ಬಾಯಿಂದ ಬಂದ ಮೇಲೆಯೇ ಚೀಲ ಒಳಗೆ ಇಡುವುದು. ಮೊಬೈಲ್‌ನ ಆ್ಯಪ್‌ನಲ್ಲಿ ಅದೇ ದೂರಕ್ಕೆ ತೋರಿಸುವ ದರವನ್ನು ಮೊದಲೇ ನೋಡಿಟ್ಟುಕೊಂಡರೆ ಚೌಕಾಶಿಗೆ ಒಂದು ಅಳತೆ ಸಿಕ್ಕಂತಾಗುತ್ತದೆ.

ಗೋಕುಲ ರಸ್ತೆಯಲ್ಲಿ ವಾಯವ್ಯ ಸಾರಿಗೆಯ ನಗರ ಬಸ್ಸುಗಳೂ ಓಡಾಡುತ್ತವೆ. ಬಸ್ಸು ಕಣ್ಣೆದುರು ಬಂದರೆ ನಾನು ಖಂಡಿತ ಹತ್ತುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟಿನ ಹಣವಿಲ್ಲ, ಗುರುತಿನ ಚೀಟಿ ತೋರಿಸಿದರೆ ಸಾಕು. ಆದರೆ ವಿಮಾನ ಇಳಿದ ಹೊತ್ತಿಗೂ ಬಸ್ಸು ಬರುವ ಹೊತ್ತಿಗೂ ತಾಳೆಯಾಗುವುದು ಅಪರೂಪ.

ಹೊಸೂರಿನಿಂದ ಮುಂದಿನದು ಚಿಗರಿಯ ಕೆಲಸ. ಹುಬ್ಬಳ್ಳಿ–ಧಾರವಾಡ ನಡುವೆ ಸುಮಾರು 22 ಕಿಲೋಮೀಟರ್ ಉದ್ದದ ಈ ತ್ವರಿತ ಬಸ್ ಸಾರಿಗೆ 2018ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ, 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಹೊಸಬರಿಗೆ ಗೊತ್ತಿರಬೇಕಾದ ಮುಖ್ಯ ಸಂಗತಿ, ನಿಲ್ದಾಣ ಇರುವುದು ರಸ್ತೆಯ ಮಧ್ಯದಲ್ಲಿ. ರಸ್ತೆ ಬದಿಗೆ ನಿಂತು ಕೈ ಅಡ್ಡ ಹಿಡಿದರೆ ಚಿಗರಿ ನಿಲ್ಲುವುದಿಲ್ಲ. ನಿಲ್ದಾಣದ ಕೌಂಟರಿನಲ್ಲಿ ಟಿಕೆಟ್ ಪಡೆದು, ಅದನ್ನು ಗೇಟಿಗೆ ತೋರಿಸಿ ಒಳಗೆ ಹೋಗಿ ನಿಂತರೆ ಬಸ್ಸು ತಾನೇ ಬಂದು ಮಗ್ಗುಲಿಗೆ ನಿಲ್ಲುತ್ತದೆ. ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಬಸ್ಸು ಬೇರೆ, ಆಯ್ದ ಕೆಲವೇ ಕಡೆ ನಿಲ್ಲುವ ಎಕ್ಸ್‌ಪ್ರೆಸ್ ಬೇರೆ. ಉಣಕಲ್ಲಿಗೋ ಭೈರಿದೇವರಕೊಪ್ಪಕ್ಕೋ ಹೋಗುವವರು ಇದನ್ನು ಕೌಂಟರಿನಲ್ಲೇ ಕೇಳಿಕೊಳ್ಳುವುದು ಒಳ್ಳೆಯದು.

ನನ್ನ ಅವ್ವನಿಗೆ ಮೊಣಕಾಲು ನೋವು. ಬೆಂಗಳೂರಿನಿಂದ ಅವಳನ್ನು ಕರೆತರುವಾಗ ಚಿಗರಿ ನನಗೆ ನಿಜವಾಗಿ ಅರ್ಥವಾಯಿತು. ಸಾಮಾನ್ಯ ಬಸ್ಸಿನ ಮೊದಲ ಮೆಟ್ಟಿಲಿಗೆ ಅವಳು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಮ್ಮೆ ಉಸಿರು ತೆಗೆದುಕೊಂಡು, ಬಲಗಾಲು ಎತ್ತಿಟ್ಟು, ಆಮೇಲೆ ಎಡಗಾಲನ್ನು ಎಳೆದುಕೊಳ್ಳುತ್ತಾಳೆ. ಅಷ್ಟರಲ್ಲಿ ಹಿಂದಿನವರು ಅವಸರ ಮಾಡುತ್ತಾರೆ. ಚಿಗರಿಯಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ. ಬಾಗಿಲು ಸರಿಯುತ್ತಲೇ ಅವ್ವ ನನ್ನ ತೋಳನ್ನೂ ಹಿಡಿಯದೆ, ಪಡಸಾಲೆಯಿಂದ ಅಡುಗೆಮನೆಗೆ ಹೋದಂತೆ ಒಳಗೆ ನಡೆದುಬಿಟ್ಟಳು. ಹವಾನಿಯಂತ್ರಣದ ಗಾಳಿ ಜೋರಾಯಿತೆಂದು ಸೆರಗನ್ನು ತಲೆಗೆ ಹೊದ್ದುಕೊಂಡದ್ದು ಬಿಟ್ಟರೆ ಅವಳಿಂದ ಒಂದು ದೂರೂ ಬರಲಿಲ್ಲ. ಕಷ್ಟವಿರುವುದು ಬಸ್ಸಿನಲ್ಲಲ್ಲ, ಬಸ್ಸಿನವರೆಗೆ ತಲುಪುವುದರಲ್ಲಿ. ಹೊಸೂರಿನಲ್ಲಿ ರಸ್ತೆ ದಾಟಿ ಮಧ್ಯದ ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ವಯಸ್ಸಾದವರ ಜೀವ ಬಾಯಿಗೆ ಬರುತ್ತದೆ. ಬೈಕುಗಳು ಸಿಗ್ನಲ್ ಬಿದ್ದ ಮೇಲೂ ನುಸುಳುತ್ತಲೇ ಇರುತ್ತವೆ. ಹಾಗಾಗಿ ಅವ್ವ ಜೊತೆಗಿದ್ದಾಗ ಆಟೊದವರನ್ನು ದಾಟುವ ಪಟ್ಟೆಯ ಹತ್ತಿರವೇ ನಿಲ್ಲಿಸಲು ಕೇಳುತ್ತೇನೆ, ಚೀಲಗಳನ್ನೆಲ್ಲ ನಾನೇ ಹೊತ್ತು ಅವಳ ಕೈಗಳನ್ನು ಖಾಲಿ ಬಿಡುತ್ತೇನೆ. ಸಾಮಾನು ಹೆಚ್ಚಿದ್ದರೆ ಚಿಗರಿಯ ಯೋಚನೆಯನ್ನೇ ಬಿಟ್ಟು ಟ್ಯಾಕ್ಸಿ ಹಿಡಿಯುತ್ತೇನೆ.

ಧಾರವಾಡದ ಕಡೆಗೆ ಹೊರಟ ಚಿಗರಿಗೆ ವಿದ್ಯಾನಗರ ದಾಟಿದ ಮೇಲೆ ಬೇರೆ ವಾಹನಗಳ ಕಾಟ ಕಡಿಮೆ, ಅದರ ಹಾದಿ ಅದಕ್ಕೇ ಮೀಸಲು. ಉಣಕಲ್ ಕೆರೆ, ನವನಗರ, ರಾಯಾಪುರ, ನವಲೂರು, ಸತ್ತೂರು ಎಂದು ಸಾಗುತ್ತಾ, ಪಕ್ಕದ ರಸ್ತೆಯಲ್ಲಿ ಕಾರುಗಳು ನಿಂತಿರುವಾಗ ನಮ್ಮ ಬಸ್ಸು ಮುಂದೆ ಹೋಗುವುದನ್ನು ನೋಡುವುದೇ ಒಂದು ಖುಷಿ. ಮುಂಗಾರಿನಲ್ಲಿ ಜೋರು ಮಳೆ ಹೊಡೆದರೆ ಟೋಲ್ ನಾಕಾದ ಬಳಿ ರಸ್ತೆಯಲ್ಲಿ ನೀರು ನಿಲ್ಲುತ್ತದೆ, ಆಗ ಮೀಸಲು ಹಾದಿಯಿದ್ದೂ ಬಸ್ಸು ತೆವಳುತ್ತದೆ. ಜುಬಿಲಿ ಸರ್ಕಲ್‌ನಲ್ಲಿ ಇಳಿದರೆ ಮಾಳಮಡ್ಡಿಗೆ ಆಟೊ ಸುಲಭವಾಗಿ ಸಿಗುತ್ತದೆ.

ಹುಬ್ಬಳ್ಳಿ ಪೇಟೆಯ ಕಡೆಗೆ ಹೋಗುವ ಮಾತೇ ಬೇರೆ. ಅತ್ತ ಒಳಗೆ ಹೋದಷ್ಟೂ ಚಿಗರಿಯೂ ಉಳಿದ ವಾಹನಗಳ ನಡುವೆಯೇ ನುಗ್ಗಬೇಕು. ರಾಣಿ ಚೆನ್ನಮ್ಮ ವೃತ್ತದ ಸುತ್ತ ಮೇಲ್ಸೇತುವೆ ಕಾಮಗಾರಿ ಶುರುವಾದಾಗಿನಿಂದ ದಾರಿ ಯಾವಾಗ ಎತ್ತ ತಿರುಗುತ್ತದೆ ಎಂದು ಮೊದಲೇ ಹೇಳುವುದು ಕಷ್ಟವಾಗಿದೆ. ದುರ್ಗದಬೈಲ್, ದಾಜಿಬಾನ ಪೇಟೆಗೆ ಹೋಗುವಾಗ ನಾನು ಸಿಬಿಟಿಯಲ್ಲಿ, ಅಂದರೆ ನಗರ ಬಸ್ ನಿಲ್ದಾಣದಲ್ಲಿ, ಇಳಿದು ನಡೆಯುತ್ತೇನೆ. ಆ ಓಣಿಗಳಲ್ಲಿ ಆಟೊಗಿಂತ ಕಾಲೇ ಬೇಗ ಮುಟ್ಟಿಸುತ್ತದೆ. ದೇಶಪಾಂಡೆ ನಗರ ಅಥವಾ ಕೇಶ್ವಾಪುರಕ್ಕೆ ಹೋಗುವವರು ಮಾತ್ರ ವಿಮಾನ ನಿಲ್ದಾಣದಿಂದಲೇ ಮನೆಬಾಗಿಲಿನವರೆಗೆ ಆಟೊ ಅಥವಾ ಟ್ಯಾಕ್ಸಿ ಮಾಡಿಕೊಳ್ಳುವುದು ವಾಸಿ. ಎರಡು ಕಡೆ ಹತ್ತಿ ಇಳಿಯುವ ಶ್ರಮಕ್ಕೆ ತಕ್ಕ ಉಳಿತಾಯ ಅಲ್ಲಿಲ್ಲ.

ಟ್ಯಾಕ್ಸಿಯೇ ಸರಿ ಎನಿಸುವ ಸಂದರ್ಭಗಳೂ ಇವೆ. ಧಾರವಾಡದ ಸಂಗೀತ ಕಾರ್ಯಕ್ರಮವೊಂದಕ್ಕೆ ಬಂದ ಕಲಾವಿದರನ್ನು ಕರೆತರುವ ಹೊಣೆ ಒಮ್ಮೆ ನನ್ನ ಮೇಲೆ ಬಿದ್ದಿತ್ತು. ಜೊತೆಗೆ ತಂಬೂರಿ. ಅದರ ಬುರುಡೆಗೆ ಸಣ್ಣ ಪೆಟ್ಟು ತಗುಲಿದರೂ ಬಿರುಕು ಬಿಡುತ್ತದೆ. ಹಿಂದಿನ ಸೀಟಿನಲ್ಲಿ ಅದನ್ನು ಅಡ್ಡ ಮಲಗಿಸಿ, ಬುರುಡೆಯ ಕೆಳಗೆ ಶಾಲು ಮಡಚಿಟ್ಟು, ಉಬ್ಬು ಬಂದಾಗಲೆಲ್ಲ ಚಾಲಕರಿಗೆ "ಕಾಕಾ, ಸಾವಕಾಶ" ಎನ್ನುತ್ತಾ ಬಂದೆವು. ಅವರೂ ಒಂದಿಷ್ಟು ಬೇಸರಿಸದೆ ಉಬ್ಬು ಕಂಡಲ್ಲೆಲ್ಲ ಬಹುತೇಕ ನಿಲ್ಲಿಸಿಯೇ ದಾಟಿಸಿದರು. ಇನ್ನು ಧಾರವಾಡದಾಚೆಯ ಬೇಲೂರಿನ ಬಳಿಯ ಹೈಕೋರ್ಟ್ ಪೀಠಕ್ಕೆ ಹೋಗುವ ವಕೀಲರು, ಕಕ್ಷಿದಾರರು ಊರೊಳಗೆ ಬರಲೇಬೇಕಾಗಿಲ್ಲ. ಬೈಪಾಸ್ ಹಿಡಿದರೆ ಧಾರವಾಡದ ಪೇಟೆಯನ್ನು ಸೋಕದೆ ನರೇಂದ್ರದ ಬಳಿ ಹೊರಬೀಳಬಹುದು. ಆ ಬೈಪಾಸಿನಲ್ಲಿ ಅಪಘಾತಗಳಾಗಿ ಎಷ್ಟೋ ಮನೆಗಳು ಕಣ್ಣೀರಿಟ್ಟಿವೆ. ಹಾಗಾಗಿ ಚಾಲಕರಿಗೆ ಅವಸರ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಹಾವೇರಿಗೆ ಹೋಗುವವರಿಗೆ ಗೋಕುಲ ರಸ್ತೆಯ ಹೊಸ ಬಸ್ ನಿಲ್ದಾಣವೇ ಸಾಕು, ಅದು ಹೊಸೂರಿಗಿಂತ ಮೊದಲೇ ಸಿಗುತ್ತದೆ. ಗದಗಕ್ಕಾದರೆ ನಾನು ರೈಲನ್ನು ಹೇಳುತ್ತೇನೆ. ಆದರೆ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಬಗ್ಗೆ ಒಂದು ಎಚ್ಚರಿಕೆ: 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಅಲ್ಲಿದೆ. ರೈಲು ಯಾವ ತುದಿಯಲ್ಲಿ ನಿಲ್ಲುತ್ತದೆಂದು ತಿಳಿಯದೆ ಕೊನೆಯ ಗಳಿಗೆಯಲ್ಲಿ ಬಂದರೆ ಪ್ಲಾಟ್‌ಫಾರ್ಮಿನ ಮೇಲೆಯೇ ಒಂದೂವರೆ ಕಿಲೋಮೀಟರ್ ಓಡಬೇಕಾದೀತು.

ಮರಳಿ ಹೋಗುವಾಗ ಇದೇ ದಾರಿ ಹಿಂದುಮುಂದಾಗುತ್ತದೆ: ಹೊಸೂರಿನವರೆಗೆ ಚಿಗರಿ, ಅಲ್ಲಿಂದ ಆಟೊ. ಆದರೆ ಗಣೇಶ ವಿಸರ್ಜನೆಯ ದಿನಗಳಲ್ಲಿ, ಶಿವರಾತ್ರಿ ಹೊತ್ತಿನ ಸಿದ್ಧಾರೂಢ ಮಠದ ಜಾತ್ರೆಯಲ್ಲಿ ಹುಬ್ಬಳ್ಳಿಯ ರಸ್ತೆಗಳ ಲೆಕ್ಕವೇ ಬದಲಾಗುತ್ತದೆ. ಆಗ ಒಂದು ತಾಸು ಮೊದಲೇ ಮನೆ ಬಿಡುತ್ತೇನೆ. ರಾತ್ರಿ ತಡವಾಗಿ ಇಳಿಯುವ ವಿಮಾನವಾದರೆ ಈ ಆಟೊ–ಚಿಗರಿ ಲೆಕ್ಕಾಚಾರ ಯಾವುದೂ ಇಲ್ಲ. ಪರಿಚಯದ ಚಾಲಕರೊಬ್ಬರಿಗೆ ಬೆಂಗಳೂರಿನಿಂದಲೇ ಫೋನ್ ಮಾಡಿ ದರ ಗೊತ್ತುಮಾಡಿಕೊಂಡು, ಗಾಡಿಯ ಸಂಖ್ಯೆಯನ್ನು ಮನೆಯವರಿಗೆ ಕಳುಹಿಸಿಯೇ ವಿಮಾನ ಹತ್ತುತ್ತೇನೆ.

ಒಂದೇ ಒಂದು ಬೇಡಿಕೆ ನನ್ನ ಮನಸ್ಸಿನಲ್ಲಿ ಬಹಳ ದಿನಗಳಿಂದ ಇದೆ. ವಿಮಾನಗಳು ಇಳಿಯುವ ಹೊತ್ತಿಗೆ ಸರಿಯಾಗಿ ಟರ್ಮಿನಲ್ ಬಾಗಿಲಿನಿಂದ ಹೊಸೂರು ಚಿಗರಿ ನಿಲ್ದಾಣಕ್ಕೆ ಚಿಕ್ಕ ಬಸ್ಸೊಂದು ಹೊರಡಬೇಕು, ಒಂದೇ ಟಿಕೆಟಿನಲ್ಲಿ ಜುಬಿಲಿ ಸರ್ಕಲ್‌ವರೆಗೆ ಹೋಗುವಂತಿರಬೇಕು. ಮೀಸಲು ಹಾದಿ ಇದೆ, ಬಸ್ಸುಗಳಿವೆ, ಉಳಿದಿರುವುದು ಗೋಕುಲ ರಸ್ತೆಯ ಆ ತುಂಡು ಮಾತ್ರ. ದೊಡ್ಡ ಟರ್ಮಿನಲ್ ಬಾಗಿಲು ತೆರೆಯುವ ದಿನವೇ ಆ ಬಸ್ಸೂ ಓಡಲಿ ಎಂದು ಸಂಬಂಧಪಟ್ಟವರಿಗೆ ಪತ್ರ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.