ಒದ್ದೆ ರಾಸಾಯನಿಕ ಒಣಗಿಸಲು ಮೈಕ್ರೋವೇವ್: ನನ್ನ ಅನುಭವ

ಸೋಸಿ ತೆಗೆದ ಒದ್ದೆ ಮುದ್ದೆಯನ್ನು ಬಿಸಿಗಾಳಿಯ ಓವನ್‌ನಲ್ಲಿ ಇಟ್ಟರೆ ರಾತ್ರಿಯಿಡೀ ಕಾಯಬೇಕು. ಮೇಲ್ಪದರ ಮೊದಲು ಒಣಗಿ ಗಟ್ಟಿಯಾಗಿ ಒಳಗಿನ ನೀರನ್ನು ತಡೆದು ನಿಲ್ಲಿಸುತ್ತದೆ. ಮೈಕ್ರೋವೇವ್‌ನ 2.45 ಗಿಗಾಹರ್ಟ್ಸ್ ಅಲೆಗಳು ಮುದ್ದೆಯ ಒಳಕ್ಕೇ ಇಳಿದು ಅಲ್ಲಿರುವ ನೀರನ್ನು ನೇರವಾಗಿ ಕಾಯಿಸುತ್ತವೆ. ಆವಿ ಒಳಗಿನಿಂದಲೇ ಹೊರಗೆ ನುಗ್ಗುತ್ತದೆ. ಈ ಒಂದು ಗುಣಕ್ಕಾಗಿಯೇ ನಾನು ಈ ವಿಧಾನವನ್ನು ಬಿಡದೆ ಬಳಸುತ್ತಿದ್ದೇನೆ. ಆದರೆ ಒಣಗಿತೋ ಇಲ್ಲವೋ ಎಂದು ತೀರ್ಮಾನಿಸುವುದು ಗಡಿಯಾರವಲ್ಲ, ತಕ್ಕಡಿ.

ನಾನು ಹೆಚ್ಚಾಗಿ ಒಣಗಿಸುವುದು ಕ್ಯಾಲ್ಸಿಯಂ ಕಾರ್ಬೊನೇಟ್‌ನ ಪ್ರಕ್ಷೇಪ, ಅಂದರೆ ದ್ರಾವಣದಿಂದ ಬೇರ್ಪಟ್ಟು ತಳಕ್ಕಿಳಿದ ಪುಡಿ. ಈ ಕೆಲಸಕ್ಕೆ ಹೇಳಿ ಮಾಡಿಸಿದ ವಸ್ತು ಅದು. ನೀರು ಹೋದ ಮೇಲೆ ಅಲೆಗಳನ್ನು ಅಷ್ಟಾಗಿ ಹೀರುವುದಿಲ್ಲ, 600 ಡಿಗ್ರಿ ಸೆಲ್ಸಿಯಸ್ ದಾಟುವವರೆಗೂ ರಾಸಾಯನಿಕವಾಗಿ ಒಡೆಯುವುದಿಲ್ಲ. ಮೊದಲು ಹೀರುಪಂಪಿಗೆ ಜೋಡಿಸಿದ ಆಲಿಕೆಯಲ್ಲಿ ಆದಷ್ಟು ನೀರು ತೆಗೆಯುತ್ತೇನೆ. ಆಮೇಲೆ ಬೋರೋಸಿಲಿಕೇಟ್ ಗಾಜಿನ ಅಗಲವಾದ ತಟ್ಟೆಯಲ್ಲಿ ಸುಮಾರು ಒಂದು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಉಂಡೆಗಳನ್ನು ಗಾಜಿನ ಕಡ್ಡಿಯಿಂದ ತಾಳ್ಮೆಯಿಂದ ಒಡೆಯುತ್ತೇನೆ. ಈ ಹಂತದಲ್ಲಿ ಅವಸರ ಕೂಡದು. ಉಂಡೆಯೊಳಗೆ ಸಿಕ್ಕಿಕೊಂಡ ಆವಿ ಟಪ್ಪನೆ ಸಿಡಿದು ಪುಡಿಯನ್ನು ಗೋಡೆಗೆಲ್ಲ ಎರಚುತ್ತದೆ; ತೂಕದ ಲೆಕ್ಕ ಅಲ್ಲಿಗೇ ಮುಗಿಯಿತು. ತಟ್ಟೆಯ ಮೇಲೆ ಒಂದು ಸೋಸುಕಾಗದವನ್ನು ಸಡಿಲವಾಗಿ ಮುಚ್ಚುತ್ತೇನೆ.

ಎಷ್ಟು ಹೊತ್ತು ಬೇಕು ಎಂಬುದನ್ನು ಮೊದಲೇ ಅಂದಾಜು ಮಾಡಬಹುದು. 100 ಗ್ರಾಂ ನೀರನ್ನು 25 ಡಿಗ್ರಿಯಿಂದ ಕುದಿಸಿ ಪೂರ್ತಿ ಆವಿಯಾಗಿಸಲು ಸುಮಾರು 257 ಕಿಲೋಜೂಲ್ ಶಾಖ ಬೇಕು. 700 ವಾಟ್ ಹೊರಸೂಸುವ ಓವನ್ ಅಷ್ಟನ್ನು ಕೊಡಲು ಆರು ನಿಮಿಷ ತೆಗೆದುಕೊಳ್ಳುತ್ತದೆ. ಇದು ಒಂದಿಷ್ಟೂ ನಷ್ಟವಿಲ್ಲದ ಲೆಕ್ಕ, ನಿಜದಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ. ನಾನು ಎಂದೂ ಒಂದೇ ಸಲಕ್ಕೆ ಅಷ್ಟು ಹೊತ್ತು ಓಡಿಸುವುದಿಲ್ಲ. ಕಡಿಮೆ ಶಕ್ತಿಗೆ ತಿರುಗಿಸಿ, ಒಂದೆರಡು ನಿಮಿಷ ಕಾಯಿಸಿ, ಬಾಗಿಲು ತೆರೆದು ಹಬೆಯನ್ನು ಹೊರಗೆ ಬಿಟ್ಟು, ಪುಡಿಯನ್ನು ಕಲಕಿ ಮತ್ತೆ ಇಡುತ್ತೇನೆ. ಸಾಮಾನ್ಯ ಓವನ್‌ಗಳಲ್ಲಿ ಕಡಿಮೆ ಶಕ್ತಿ ಎಂದರೆ ಮ್ಯಾಗ್ನೆಟ್ರಾನ್ (ಅಲೆಗಳನ್ನು ಹುಟ್ಟಿಸುವ ಭಾಗ) ಪೂರ್ಣ ಬಲದಲ್ಲಿ ಹೊತ್ತಿ ಆರುತ್ತಿರುವುದು ಅಷ್ಟೇ. ಆ ನಡುವಿನ ಬಿಡುವಿನಲ್ಲಿ ಶಾಖ ಎಲ್ಲ ಕಡೆ ಹರಡುವುದರಿಂದ ನಮಗೆ ಅದು ಅನುಕೂಲವೇ.

ಪುಡಿ ಗಾಜಿಗೆ ಅಂಟುವುದನ್ನು ಬಿಟ್ಟು ಸರಾಗವಾಗಿ ಜಾರತೊಡಗಿದಾಗ ನಿಜವಾದ ಎಚ್ಚರಿಕೆ ಶುರುವಾಗಬೇಕು. ಹೀರಲು ನೀರಿಲ್ಲದಿದ್ದರೆ ಅಲೆಗಳು ಮರಳಿ ಮ್ಯಾಗ್ನೆಟ್ರಾನ್‌ಗೇ ಹೋಗಿ ಅದನ್ನು ಹಾಳುಮಾಡುತ್ತವೆ. ಹಾಗಾಗಿ ಕೊನೆಯ ಸುತ್ತುಗಳಲ್ಲಿ ಮೂಲೆಯಲ್ಲೊಂದು ಸಣ್ಣ ಬೀಕರ್ ನೀರು ಇಡುತ್ತೇನೆ, ಅದು ಒಮ್ಮೆಲೇ ಉಕ್ಕದೆ ಸಮನಾಗಿ ಕುದಿಯಲೆಂದು ಒಳಗೆ ಸಣ್ಣ ಕಲ್ಲಿನ ಚೂರುಗಳನ್ನೂ ಹಾಕಿರುತ್ತೇನೆ. ಮೊದಲಿನಿಂದಲೇ ಇಟ್ಟರೆ ಶಕ್ತಿಯನ್ನೆಲ್ಲ ಆ ನೀರೇ ಕಸಿದುಕೊಳ್ಳುತ್ತದೆ. ತಟ್ಟೆಯನ್ನು ಡೆಸಿಕೇಟರ್‌ನಲ್ಲಿ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ) ತಣಿಸಿಯೇ ತೂಗಬೇಕು. ಬಿಸಿ ತಟ್ಟೆಯ ಮೇಲಿನ ಗಾಳಿ ಮೇಲೇಳುವುದರಿಂದ ತಕ್ಕಡಿ ಕಡಿಮೆ ತೋರಿಸುತ್ತದೆ. ಬೆನ್ನುಬೆನ್ನಿಗೆ ತೂಗಿದ ಎರಡು ತೂಕಗಳು ಒಂದೇ ಬಂದರೆ ಮಾತ್ರ ಕೆಲಸ ಮುಗಿದಂತೆ.

ತೇವ ಹೀರಿದಾಗ ಬಣ್ಣ ಬದಲಿಸುವ ಸಿಲಿಕಾ ಜೆಲ್ ಕಾಳುಗಳನ್ನು ಒಣಗಿಸುವಾಗ ಈ ಓವನ್‌ನ ಸ್ವಭಾವ ಕಣ್ಣಿಗೇ ಕಾಣುತ್ತದೆ. ಗುಲಾಬಿ ಕಾಳುಗಳು ಒಂದೇ ಸಮನೆ ನೀಲಿಯಾಗುವುದಿಲ್ಲ. ಅಲ್ಲೊಂದು ಇಲ್ಲೊಂದು ನೀಲಿ ಮಚ್ಚೆ ಏಳುತ್ತದೆ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್ ಇರುವುದರಿಂದ ಹೆಚ್ಚು ಬಿಸಿಯ ಜಾಗಗಳು ಅದರ ಅರ್ಧದಷ್ಟು ದೂರದಲ್ಲಿ ಬೀಳುತ್ತವೆ. ತಿರುಗುವ ತಟ್ಟೆ ಇದ್ದರೂ ಕೈಯಿಂದ ಕಲಕುವುದು ತಪ್ಪುವುದಿಲ್ಲ. ಅತಿಯಾಗಿ ಕಾಯಿಸಿದರೆ ಬಣ್ಣ ಕೊಡುವ ಅಂಶವೇ ಕೆಡುತ್ತದೆ. ನೀಲಿ ಬಗೆಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದರ ಧೂಳು ಒಳ್ಳೆಯದಲ್ಲ. ನನಗೆ ಕಿತ್ತಳೆ ಬಣ್ಣದ ಬಗೆಯೇ ಮೆಚ್ಚು.

ಸ್ಫಟಿಕ ಜಲವನ್ನು, ಅಂದರೆ ಹರಳಿನೊಳಗೇ ಬಂಧಿತವಾಗಿರುವ ನೀರನ್ನು, ತೆಗೆಯುವುದು ಬೇರೆಯದೇ ಕೆಲಸ. ಮೆಗ್ನೀಷಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್‌ನ ತೂಕದಲ್ಲಿ 51 ಶೇಕಡಾ ನೀರೇ. ಅದು ಮೊದಲು ತನ್ನದೇ ನೀರಿನಲ್ಲಿ ಕರಗಿ, ನೊರೆಯುಕ್ಕಿ, ಬಿಳಿ ಹೆಂಟೆಯಾಗಿ ತಟ್ಟೆಗೆ ಕಚ್ಚಿಕೊಳ್ಳುತ್ತದೆ. ಕೊನೆಯ ನೀರು 200 ಡಿಗ್ರಿ ದಾಟದೆ ಬಿಡುವುದಿಲ್ಲವಾದ್ದರಿಂದ ಹೆಂಟೆಯನ್ನು ಕುಟ್ಟಿ ಪುಡಿಮಾಡಿ ಕುಲುಮೆಗೆ ಹಾಕುತ್ತೇನೆ. ಅಲ್ಲಿ ಮೈಕ್ರೋವೇವನ್ನು ನೆಚ್ಚಿಕೊಳ್ಳುವುದು ವ್ಯರ್ಥ.

ಒಳಗೆ ಇಡಲೇಬಾರದ ವಸ್ತುಗಳ ವಿಷಯದಲ್ಲಿ ನಾನು ಹಟಮಾರಿ. ಅಸಿಟೋನ್, ಆಲ್ಕೋಹಾಲ್, ಈಥರ್‌ನಂಥ ದ್ರಾವಕ ತಾಗಿದ ಯಾವುದೂ ಬೇಡ, ಒಂದು ಕಿಡಿ ಸಾಕು. ನೈಟ್ರೇಟ್, ಕ್ಲೋರೇಟ್, ಪರ್‌ಕ್ಲೋರೇಟ್, ಪೆರಾಕ್ಸೈಡ್‌ಗಳು ಬೇಡವೇ ಬೇಡ. ಒದ್ದೆ ಮೆಗ್ನೀಷಿಯಂ ಕ್ಲೋರೈಡ್ ಕಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಸೋಡಿಯಂ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗುತ್ತದೆ. ಲೋಹದ ಪುಡಿ ಮತ್ತು ಇದ್ದಿಲು ಕಿಡಿ ಹಾರಿಸುತ್ತವೆ. ಮ್ಯಾಂಗನೀಸ್ ಡೈಆಕ್ಸೈಡ್, ಮ್ಯಾಗ್ನೆಟೈಟ್, ತಾಮ್ರದ ಆಕ್ಸೈಡ್ ನೀರಿಲ್ಲದೆಯೂ ಅಲೆಗಳನ್ನು ಹೀರಿ ಕೆಲವೇ ನಿಮಿಷಗಳಲ್ಲಿ ಕೆಂಪಗೆ ಕಾದು ಗಾಜನ್ನು ಸೀಳಬಲ್ಲವು. ಇನ್ನು, ರಾಸಾಯನಿಕ ಇಟ್ಟ ಓವನ್‌ನಲ್ಲಿ ಮುಂದೆಂದೂ ತಿನ್ನುವ ಪದಾರ್ಥ ಇಡಬಾರದು. ನನ್ನದರ ಬಾಗಿಲಿನ ಮೇಲೆ ದಪ್ಪ ಅಕ್ಷರದಲ್ಲಿ ಹಾಗೆಂದು ಬರೆದು ಅಂಟಿಸಿದ್ದೇನೆ.