ನೇತ್ರಾಣಿ ಡೈವಿಂಗ್: ಹಿಂದಿನ ರಾತ್ರಿಯೂ ಅಲ್ಲೇ, ಆ ರಾತ್ರಿಯೂ ಅಲ್ಲೇ

ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ, ಬೆಳಗ್ಗೆ ಮುರುಡೇಶ್ವರದಲ್ಲಿ ಇಳಿದು, ಮುಖ ತೊಳೆದು ಸೀದಾ ನೇತ್ರಾಣಿ ದ್ವೀಪದ ಬೋಟು ಹತ್ತುವವರು ತುಂಬಾ ಜನ. ಸಂಜೆ ಮತ್ತೆ ಬಸ್ಸು. ನಾನು ಹಾಗೆ ಮಾಡಲಿಲ್ಲ. ಹಿಂದಿನ ದಿನ ಮಧ್ಯಾಹ್ನವೇ ಹೋಗಿ ಕಡಲ ಪಕ್ಕದ ಒಂದು ಸಣ್ಣ ಡೈವಿಂಗ್ ರೆಸಾರ್ಟಿನಲ್ಲಿ ಉಳಿದೆ. ಡೈವಿಂಗ್ ಅಷ್ಟು ಚೆನ್ನಾಗಿ ಆಗಿದ್ದು ಅದರಿಂದಲೇ.

ತೆಂಗಿನ ಮರಗಳ ನಡುವೆ ನಾಲ್ಕಾರು ಕೋಣೆ, ಊಟಕ್ಕೊಂದು ಜಗಲಿ, ಹಿತ್ತಲಲ್ಲಿ ಸಣ್ಣ ಈಜುಕೊಳ. ಅಷ್ಟೇ. ನಾನು ಮೊದಲು ನೋಡಿದ್ದು ಕೋಣೆಯನ್ನಲ್ಲ, ಸಾಮಾನು ಇಡುವ ಜಾಗವನ್ನು. ಕಡಲಿಂದ ಬಂದ ಹುಡುಗರು ರೆಗ್ಯುಲೇಟರುಗಳನ್ನು ಒಂದೊಂದಾಗಿ ಸಿಹಿನೀರಲ್ಲಿ ಅದ್ದಿ ತೊಳೆದು, ನೆರಳಲ್ಲಿ ನೇತುಹಾಕುತ್ತಿದ್ದರು. ನೀರಿನಡಿ ನಮ್ಮ ಉಸಿರು ಬರುವುದು ಅದರಿಂದಲೇ ಅಲ್ವಾ? ಹಾಸಿಗೆ ಮೆತ್ತಗಿದೆಯಾ ಅಂತ ಆಮೇಲೆ ನೋಡಿದರಾಯಿತು.

ಹೋದ ಕೂಡಲೇ ಒಂದು ಫಾರಂ ಕೊಟ್ಟರು. ಅಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿ ಆಪರೇಷನ್, ಎಲ್ಲ ಕೇಳಿದ್ದರು. "ಸುಮ್ನೆ ಎಲ್ಲದಕ್ಕೂ 'ಇಲ್ಲ' ಅಂತ ಬರೀಬೇಡಿ ಸರ್" ಅಂದರು ಇನ್‌ಸ್ಟ್ರಕ್ಟರ್. ನೆಗಡಿ ಇದೆಯಾ ಅಂತ ಬೇರೆ ಕೇಳಿದರು. ಮೂಗು ಕಟ್ಟಿದ್ದರೆ ನೀರಿಗೆ ಇಳಿಸುವುದೇ ಇಲ್ಲ.

ಸಂಜೆ ಈಜುಕೊಳದಲ್ಲಿ ಅಭ್ಯಾಸ. ನಿಧಾನವಾಗಿ, ಯಾವ ಗಡಿಬಿಡಿಯೂ ಇಲ್ಲದೆ. ಹತ್ತು ಮೀಟರ್ ಆಳಕ್ಕೆ ಹೋದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಅದು ಮೊದಲು ಗೊತ್ತಾಗುವುದು ಕಿವಿಗೆ. ಮೂಗು ಹಿಡಿದು ಮೆಲ್ಲಗೆ ಊದಬೇಕು. ನೋವು ಶುರುವಾದ ಮೇಲಲ್ಲ, ಅದಕ್ಕೆ ಮುಂಚೆಯೇ. ಮಾಸ್ಕ್ ಒಳಗೆ ನೀರು ಬಂದರೆ ಅದರ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಸ್ವಲ್ಪ ಮೇಲೆ ನೋಡುತ್ತಾ ಮೂಗಿನಿಂದ ಉಸಿರು ಬಿಡಬೇಕು. ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಇದು ಕೈಗೆ ಬರುವವರೆಗೂ ಮಾಡಿಸಿದರು. ಇನ್ನೊಂದು ಮುಖ್ಯ ವಿಷಯ: ಹೆಬ್ಬೆರಳು ಮೇಲೆತ್ತಿದರೆ 'ಮೇಲೆ ಹೋಗೋಣ' ಅಂತ ಅರ್ಥ. ಎಲ್ಲ ಸರಿ ಇದ್ದರೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸುತ್ತು ಮಾಡಿ ತೋರಿಸಬೇಕು.

ರಾತ್ರಿ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು. ಬೇಗ ಮಲಗಿದೆ. ನಿದ್ದೆ ಚೆನ್ನಾಗಿ ಆಗಿದ್ದರೆ ಬೋಟಿನಲ್ಲಿ ಹೊಟ್ಟೆ ತೊಳಸುವುದೂ ಕಡಿಮೆ.

ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ಬೋಟಿನಲ್ಲಿ ಒಂದು, ಒಂದೂವರೆ ಗಂಟೆ ಬೇಕು. ದ್ವೀಪದ ಮೇಲೆ ಇಳಿಸುವುದಿಲ್ಲ, ಬಂಡೆಗಳ ಹತ್ತಿರ ಲಂಗರು ಹಾಕುತ್ತಾರೆ. ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಸುತ್ತುತ್ತಿತ್ತು.

ಹಗ್ಗ ಹಿಡಿದು ಇಳಿದೆ. ಸ್ವಲ್ಪ ಇಳಿ, ಕಿವಿ ಬಿಡಿಸಿಕೋ, ಮತ್ತೆ ಸ್ವಲ್ಪ ಇಳಿ. ಕೆಳಗೆ ಹೋದಂತೆ ಇನ್‌ಸ್ಟ್ರಕ್ಟರ್ ಈಜಲು ಕಾಲಿಗೆ ಹಾಕಿಕೊಂಡಿದ್ದ ಕೆಂಪು ಫಿನ್ ಕಂದು ಬಣ್ಣಕ್ಕೆ ತಿರುಗಿತು. ನೀರು ಮೊದಲು ನುಂಗುವುದು ಕೆಂಪನ್ನೇ. ಆಮೇಲೆ ಒಂದು ಸದ್ದು, ಕಟ್ ಕಟ್ ಅಂತ. ತಿರುಗಿ ನೋಡಿದರೆ ಗಿಳಿಮೀನು! ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಬಂಡೆಯನ್ನು ಕೆರೆದು ಪಾಚಿ ತಿನ್ನುತ್ತಿತ್ತು. ಕಚ್ಚಿದಲ್ಲೆಲ್ಲ ಬಿಳಿ ಗೀರು. ನಾನು ಉಸಿರಾಟದ ಚಿಂತೆಯನ್ನೇ ಬಿಟ್ಟು ಅದನ್ನು ನೋಡುತ್ತಾ ನಿಂತೆ. ಹಿಂದಿನ ಸಂಜೆಯ ಅಭ್ಯಾಸ ಇಲ್ಲದಿದ್ದರೆ ಆ ನೆಮ್ಮದಿ ಎಲ್ಲಿಂದ ಬರಬೇಕು?

ಡೈವ್ ಆದ ರಾತ್ರಿಯೂ ಅಲ್ಲೇ ಉಳಿದೆ. ಆಳದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಸಾರಜನಕ ಜಾಸ್ತಿ ಸೇರಿರುತ್ತದೆ, ಅದು ಹೊರಹೋಗಲು ಹೊತ್ತು ಬೇಕು. ಅದಕ್ಕೆ ಮುಂಚೆಯೇ ಸುತ್ತಲಿನ ಗಾಳಿಯ ಒತ್ತಡ ಇಳಿದರೆ ಅದು ಮೈಯೊಳಗೆ ಗುಳ್ಳೆಯಾಗಿ ತೊಂದರೆ ಕೊಡಬಹುದು. ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಮಾಡಿದರೆ 18 ಗಂಟೆ ವಿಮಾನ ಹತ್ತಬಾರದು ಅಂತ ಡೈವಿಂಗ್ ಕಲಿಸುವವರು ಹೇಳುತ್ತಾರೆ. ಘಟ್ಟ ಹತ್ತಿದರೂ ಗಾಳಿಯ ಒತ್ತಡ ಇಳಿಯುತ್ತದೆ, ಬೆಂಗಳೂರಂತೂ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಮರುದಿನ ಮಧ್ಯಾಹ್ನದ ಊಟ ಮುಗಿಸಿಯೇ ಹೊರಟೆ.

ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾಗಿರುತ್ತದೆ, ಜನವೂ ಆಗಲೇ ಜಾಸ್ತಿ. ಹೋಗುವುದಾದರೆ ಕೋಣೆ ಬುಕ್ ಮಾಡುವಾಗಲೇ ಎರಡೂ ರಾತ್ರಿಗೆ ಹೇಳಿಬಿಡಿ.