ಸ್ವಯಂ ಕೋರ್ಸ್: ಪಾಠಕ್ಕಿಂತ ಮೊದಲು ಹೆಸರು ಹೊಂದಿಸಿಕೊಳ್ಳಿ

ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದ ಆನ್‌ಲೈನ್ ಕೋರ್ಸ್‌ಗಳಿಗೆ ಸೇರಲು ಶುಲ್ಕವಿಲ್ಲ. ಆದರೂ ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ವಾರಗಟ್ಟಲೆ ಪಾಠ ಕೇಳಿ, ಪರೀಕ್ಷೆ ಬರೆದು ಪಾಸಾದ ಮೇಲೂ ಕ್ರೆಡಿಟ್ (ಪದವಿಯ ಲೆಕ್ಕಕ್ಕೆ ಸೇರುವ ಕಲಿಕೆಯ ಏಕಮಾನ) ಖಾತೆಗೆ ಬಾರದೆ ಪರದಾಡುವ ವಿದ್ಯಾರ್ಥಿಗಳನ್ನು ನೋಡುತ್ತಲೇ ಇದ್ದೇನೆ.

ಮೊದಲು ವಿಭಾಗದ ಮುಖ್ಯಸ್ಥರನ್ನು ಕಾಣಬೇಕು. ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಕಲಿಯಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮ ಅವಕಾಶ ಕೊಡುತ್ತದೆಯಾದರೂ, ಯಾವ ಕೋರ್ಸ್ ಯಾವ ವಿಷಯಕ್ಕೆ ಸಲ್ಲುತ್ತದೆಂಬುದನ್ನು ತೀರ್ಮಾನಿಸುವುದು ವಿಶ್ವವಿದ್ಯಾಲಯ. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಎರಡನೆಯದು ಹೆಸರಿನ ವಿಷಯ; ಬಹುಮಂದಿ ಎಡವುವುದು ಇಲ್ಲೇ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಟಿ.’ ಎಂದಿರುವ ಹುಡುಗನ ಆಧಾರ್‌ನಲ್ಲಿ ‘ಮಂಜುನಾಥ ತಿಪ್ಪೇಸ್ವಾಮಿ’ ಎಂದಿರುತ್ತದೆ. ಕಾಲೇಜಿನ ದಾಖಲೆಯಲ್ಲಿ ಇನಿಷಿಯಲ್ ಮುಂದಕ್ಕೆ ಜಿಗಿದು ‘ಟಿ. ಮಂಜುನಾಥ’ ಆಗಿರುತ್ತದೆ. ಊರಿನಲ್ಲಿ ಮೂರೂ ಒಬ್ಬನೇ, ಗಣಕಯಂತ್ರಕ್ಕೆ ಮೂವರು. ಕ್ರೆಡಿಟ್‌ಗಳು ಜಮೆಯಾಗುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯನ್ನು ಸರ್ಕಾರಿ ದಾಖಲೆಗಳನ್ನಿಡುವ ಆ್ಯಪ್ ಡಿಜಿಲಾಕರ್ ಮೂಲಕ ತೆರೆಯುವಾಗ ಹೆಸರು ಆಧಾರ್‌ನಿಂದಲೇ ಬರುತ್ತದೆ. ಸ್ವಯಂ ಪ್ರಮಾಣಪತ್ರದಲ್ಲಿ ನೀವು ಅರ್ಜಿಯಲ್ಲಿ ತುಂಬಿದ ಹೆಸರೇ ಅಚ್ಚಾಗುತ್ತದೆ. ಎರಡೂ ತಾಳೆಯಾಗದಿದ್ದರೆ ಕ್ರೆಡಿಟ್ ನಡುದಾರಿಯಲ್ಲೇ ಉಳಿಯುತ್ತದೆ.

ಹಾಗಾದರೆ ಯಾವುದನ್ನು ತಿದ್ದಿಸಬೇಕು? ಆಧಾರ್ ಅನ್ನೇ, ಎಸ್ಸೆಸ್ಸೆಲ್ಸಿಯದನ್ನಲ್ಲ. ಅಂಕಪಟ್ಟಿ ತಿದ್ದುಪಡಿ ಓದಿದ ಶಾಲೆಯಿಂದ ಮಂಡಳಿಯವರೆಗೆ ಅಲೆದಾಡಿಸುವ ಕೆಲಸ. ಮೇಲಾಗಿ ಮುಂದಿನ ಪದವಿ, ನೌಕರಿಯ ದಾಖಲೆಗಳೆಲ್ಲ ಅದನ್ನೇ ಆಧರಿಸುತ್ತವೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶಗಳಿರುವುದರಿಂದ, ಸೇವಾ ಕೇಂದ್ರದಲ್ಲಿ ರಸೀದಿಗೆ ಸಹಿ ಹಾಕುವ ಮುನ್ನ ಇಂಗ್ಲಿಷ್ ಕಾಗುಣಿತವನ್ನು ಅಂಕಪಟ್ಟಿಯೊಂದಿಗೆ ಅಕ್ಷರ ಅಕ್ಷರವಾಗಿ, ಚುಕ್ಕೆ ಮತ್ತು ತೆರಪು ಸಹಿತ ಹೋಲಿಸಿ ನೋಡಿ. ಡಿಜಿಲಾಕರ್ ಕೇಳುವ ಒಟಿಪಿ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೇ ಬರುತ್ತದೆ. ಅದು ಚಳ್ಳಕೆರೆಯ ಹೊಲದಲ್ಲಿರುವ ಅಪ್ಪನ ಹಳೆಯ ನಂಬರ್ ಆಗಿದ್ದರೆ ಅದೇ ಭೇಟಿಯಲ್ಲಿ ನಿಮ್ಮ ನಂಬರ್ ಸೇರಿಸಿಕೊಳ್ಳಿ. ತಿದ್ದುಪಡಿಯಾದ ನಂತರವೇ ಡಿಜಿಲಾಕರ್‌ನಲ್ಲಿ ವಿಶ್ವವಿದ್ಯಾಲಯವನ್ನು ಆರಿಸಿ ಕ್ರೆಡಿಟ್ ಖಾತೆಯ 12 ಅಂಕಿಗಳ ಐಡಿ ಪಡೆಯಿರಿ.

ಸ್ವಯಂ ಖಾತೆಯನ್ನು ನಿಮ್ಮದೇ ಇಮೇಲ್‌ನಿಂದ, ನೀವೇ ತೆರೆಯಿರಿ. ಸೈಬರ್ ಸೆಂಟರ್‌ನವರು ಅವಸರಕ್ಕೆ ತಮ್ಮ ಇಮೇಲ್ ಹಾಕಿಬಿಡುವುದುಂಟು, ಆಮೇಲೆ ಪಾಸ್‌ವರ್ಡ್‌ಗಾಗಿ ಅವರ ಬಾಗಿಲು ಕಾಯಬೇಕಾಗುತ್ತದೆ. ಕೋರ್ಸ್ ಹುಡುಕಿ ಸೇರುವುದು ಎರಡು ನಿಮಿಷದ ಕೆಲಸ.

ಮೊದಲ ಸಲಕ್ಕೆ ಒಂದೇ ಕೋರ್ಸ್ ಸಾಕು. ಸ್ವಯಂನಲ್ಲಿ ಐಐಟಿ, ಐಐಎಸ್‌ಸಿಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸ್‌ಗಳಲ್ಲಿ ವಾರದ ಅಸೈನ್‌ಮೆಂಟ್‌ಗಳಿಗೆ 25, ಪರೀಕ್ಷೆಗೆ 75 ಅಂಕ. ಪ್ರಮಾಣಪತ್ರ ಸಿಗಲು ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬರಲೇಬೇಕು. ಹನ್ನೆರಡು ವಾರಗಳ ಕೋರ್ಸ್‌ನಲ್ಲಿ ಉತ್ತಮವಾದ ಎಂಟು ಅಸೈನ್‌ಮೆಂಟ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ ಒಂದೆರಡು ತಪ್ಪಿದರೆ ಗಾಬರಿ ಬೇಡ. ಟೆಲಿಗ್ರಾಂನಲ್ಲಿ ಹಣಕ್ಕೆ ಮಾರುವ ಉತ್ತರಗಳ ಗೋಜಿಗೆ ಹೋಗಬೇಡಿ: ಮೇಲ್ವಿಚಾರಕರಿರುವ ಕೇಂದ್ರದಲ್ಲಿ 75 ಅಂಕಗಳಿಗೆ ನೀವೊಬ್ಬರೇ ಕುಳಿತಿರುತ್ತೀರಿ. ‘ಒಂದೇ ದಿನದಲ್ಲಿ ಸರ್ಟಿಫಿಕೇಟ್’ ಎನ್ನುವ ಖಾಸಗಿ ಜಾಲತಾಣಗಳ ಕಾಗದಕ್ಕೆ ಕ್ರೆಡಿಟ್ ಇಲ್ಲ.

ಕೋರ್ಸ್‌ಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಕೊಟ್ಟಂತಾಗುವುದಿಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ಕೊನೆಯ ದಿನಾಂಕ. ಪಾಠದ ನಡುವೆ ಬರುವ ಈ ದಿನಾಂಕವನ್ನು ಇಮೇಲ್ ತೆರೆಯದವರು ಕಳೆದುಕೊಳ್ಳುತ್ತಾರೆ. ಅರ್ಜಿ ತೆರೆದ ವಾರದಲ್ಲೇ ತುಂಬಿ, ಪರೀಕ್ಷಾ ಕೇಂದ್ರಗಳ ಪಟ್ಟಿಯಲ್ಲಿ ಹತ್ತಿರದ ಊರನ್ನು ಆರಿಸಿ, ಹಣ ಕಟ್ಟಿದ ರಸೀದಿಯ ಪ್ರತಿಯೊಂದನ್ನು ಕಾಲೇಜಿನ ಸ್ವಯಂ ಸಂಯೋಜಕರಿಗೂ ಕೊಟ್ಟಿರಿ.